ಚುನಾವಣಾ ಪ್ರಚಾರದಲ್ಲಿ ರಾಜಕೀಯ ವೈಷಮ್ಯ ಮತ್ತು ಅಸಹಿಷ್ಣುತೆ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು

ಚುನಾವಣಾ ಪ್ರಚಾರದ ಅವಧಿಯಲ್ಲಿ ಎದುರು ಪಕ್ಷವನ್ನು, ಅದರ ಅಭ್ಯರ್ಥಿಯನ್ನು ಅಥವಾ ಬೆಂಬಲಿಗರನ್ನು ವಾದದಿಂದ ಎದುರಿಸದೆ ನಿಂದನೆ, ವದಂತಿ, ಬೆದರಿಕೆ, ಸಭೆಗೆ ಅಡ್ಡಿ, ಬಹಿಷ್ಕಾರ ಇಲ್ಲವೇ ಹಲ್ಲೆಯಿಂದ ಸುಮ್ಮನಾಗಿಸಲು ಯತ್ನಿಸುವ ನಡವಳಿಕೆಯನ್ನು ರಾಜಕೀಯ ವೈಷಮ್ಯ ಎನ್ನುತ್ತಾರೆ. ಬೇರೆಯ ಅಭಿಪ್ರಾಯ ಇರುವುದನ್ನೇ ಅಪರಾಧವೆಂದು ಕಾಣುವ ಮನೋಭಾವ ರಾಜಕೀಯ ಅಸಹಿಷ್ಣುತೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು 2018ರಿಂದ 2024ರವರೆಗಿನ ಏಳು ವರ್ಷಗಳಲ್ಲಿ ಎರಡು ವಿಧಾನಸಭಾ ಚುನಾವಣೆ, ಎರಡು ಲೋಕಸಭಾ ಚುನಾವಣೆ ಮತ್ತು ಮೂರು ವಿಧಾನಸಭಾ ಉಪಚುನಾವಣೆಗಳನ್ನು ಕಂಡಿವೆ. ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟು ಬೇಗ ಬೇಗ ಪ್ರಚಾರ ನಡೆದ ಉದಾಹರಣೆ ಅಪರೂಪ. ಆದ್ದರಿಂದ ಈ ವಿಷಯದ ಅಧ್ಯಯನಕ್ಕೆ ಈ ನಾಲ್ಕು ತಾಲ್ಲೂಕುಗಳು ತಕ್ಕ ಕ್ಷೇತ್ರ.

ಪರಿಭಾಷೆ

ಟೀಕೆ, ನಿಂದನೆ, ದ್ವೇಷ ಭಾಷಣ ಎಂಬ ಮೂರು ಪದಗಳನ್ನು ಪತ್ರಿಕೆಗಳು ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ಇವು ಬೇರೆ ಬೇರೆ. ಅಭ್ಯರ್ಥಿಯ ಕೆಲಸ, ನೀತಿ, ಹಿಂದಿನ ದಾಖಲೆಗಳ ಬಗ್ಗೆ ಆಡುವ ಮಾತು ಎಷ್ಟೇ ಕಟುವಾಗಿದ್ದರೂ ಟೀಕೆ. ವ್ಯಕ್ತಿಯ ಬಣ್ಣ, ವಿದ್ಯೆ, ಕುಟುಂಬ, ಖಾಸಗಿ ಬದುಕನ್ನು ಹಿಡಿದು ಆಡುವ ಮಾತು ನಿಂದನೆ. ಒಂದು ಧರ್ಮ, ಜಾತಿ ಅಥವಾ ಭಾಷಾ ಸಮುದಾಯವನ್ನೇ ಗುರಿಮಾಡಿ ಅದರ ವಿರುದ್ಧ ಹಗೆ ಹುಟ್ಟಿಸುವುದು ದ್ವೇಷ ಭಾಷಣ. ಭಾರತದ ಯಾವುದೇ ಕೇಂದ್ರ ಕಾಯ್ದೆ ಈ ಕೊನೆಯ ಪದಕ್ಕೆ ವ್ಯಾಖ್ಯೆ ಕೊಟ್ಟಿಲ್ಲ. ಕಾನೂನು ಆಯೋಗ 2017ರ ತನ್ನ 267ನೇ ವರದಿಯಲ್ಲಿ ಇದಕ್ಕಾಗಿ ಹೊಸ ಕಲಮುಗಳನ್ನು ಸೂಚಿಸಿತ್ತು.

ಭಾವನಾತ್ಮಕ ಧ್ರುವೀಕರಣ ಎಂಬುದು ರಾಜ್ಯಶಾಸ್ತ್ರದಿಂದ ಬಂದ ಪದ. ನೀತಿಯ ಬಗ್ಗೆ ಹೆಚ್ಚಿನ ಭಿನ್ನಾಭಿಪ್ರಾಯ ಇಲ್ಲದಿದ್ದರೂ ಎದುರು ಪಕ್ಷದವರನ್ನು ಕಂಡರಾಗದಿರುವ ಸ್ಥಿತಿಗೆ ಈ ಹೆಸರು. ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು ಅಮೆರಿಕದ ಮತದಾರರನ್ನು ಕುರಿತು 2012ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಚರ್ಚೆ ಗಟ್ಟಿಯಾಯಿತು. ಹಾವೇರಿ ಜಿಲ್ಲೆಗೆ ಈ ಪದ ಚೆನ್ನಾಗಿ ಹೊಂದುತ್ತದೆ. ನೀರಾವರಿ, ಬೆಳೆವಿಮೆ, ಗೋವಿನಜೋಳದ ಬೆಲೆ ಮುಂತಾದ ವಿಷಯಗಳಲ್ಲಿ ಇಲ್ಲಿನ ಪಕ್ಷಗಳು ಹೇಳುವುದು ಹೆಚ್ಚುಕಡಿಮೆ ಒಂದೇ. ಜಗಳವೆಲ್ಲ ‘ನಮ್ಮವರು’ ಮತ್ತು ‘ಅವರು’ ಯಾರು ಎಂಬುದರಲ್ಲಿದೆ.

ಪ್ರದೇಶ ಮತ್ತು ಕ್ಷೇತ್ರಗಳು

ನಾಲ್ಕೂ ತಾಲ್ಲೂಕುಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆಯ ಭಾಗಗಳು. ಸವಣೂರು ಮಾತ್ರ ಸ್ವಾತಂತ್ರ್ಯದವರೆಗೆ ನವಾಬರ ಸಂಸ್ಥಾನವಾಗಿತ್ತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ತಾಲ್ಲೂಕು ನಾಲ್ಕಾದರೂ ವಿಧಾನಸಭಾ ಕ್ಷೇತ್ರಗಳು ಮೂರೇ: ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು. ಸವಣೂರು ತಾಲ್ಲೂಕು ಶಿಗ್ಗಾಂವಿ ಕ್ಷೇತ್ರದಲ್ಲಿದೆ. ಲೋಕಸಭೆಯ ಲೆಕ್ಕದಲ್ಲಿ ಹಾನಗಲ್ಲ ಮತ್ತು ಹಿರೇಕೆರೂರು ಹಾವೇರಿಗೆ, ಶಿಗ್ಗಾಂವಿ ಧಾರವಾಡಕ್ಕೆ ಸೇರುತ್ತವೆ. ಲಿಂಗಾಯತರ ಹಲವು ಒಳಪಂಗಡಗಳು, ಕುರುಬರು, ಮುಸ್ಲಿಮರು, ಪರಿಶಿಷ್ಟ ಜಾತಿ ಮತ್ತು ಪಂಗಡಗಳು, ಗಂಗಾಮತಸ್ಥರು ಮತದಾರರಲ್ಲಿ ಪ್ರಮುಖ ಸಮುದಾಯಗಳು. ಯಾವ ಸಮುದಾಯವೂ ಒಂಟಿಯಾಗಿ ಗೆಲ್ಲಿಸುವ ಸ್ಥಿತಿಯಲ್ಲಿಲ್ಲ. ಪ್ರಚಾರದ ಮಾತು ಬಿಸಿಯೇರುವುದಕ್ಕೂ, ಮತ ಎಣಿಕೆಯ ಮರುದಿನ ಎಲ್ಲರೂ ಎಲ್ಲರನ್ನೂ ಮಾತನಾಡಿಸಲೇಬೇಕಾಗುವುದಕ್ಕೂ ಇದೇ ಕಾರಣ.

ಕನಕದಾಸರ ಹುಟ್ಟೂರು ಬಾಡ, ಶರೀಫರ ಶಿಶುನಾಳ ಎರಡೂ ಶಿಗ್ಗಾಂವಿ ತಾಲ್ಲೂಕಿನವು. ಪ್ರಚಾರ ಭಾಷಣಗಳಲ್ಲಿ ಈ ಇಬ್ಬರ ಹೆಸರು ಎಲ್ಲ ಪಕ್ಷಗಳ ಬಾಯಲ್ಲೂ ಬರುತ್ತದೆ. ಹೆಸರು ಬಂದಷ್ಟಕ್ಕೆ ಭಾಷಣದ ಉಳಿದ ಭಾಗ ಮೆತ್ತಗಾಗಿದ್ದು ಕಡಿಮೆ.

ಹಿನ್ನೆಲೆ

ಈ ಭಾಗದ ರಾಜಕೀಯ ವೈಷಮ್ಯ ಮೊದಲು ವ್ಯಕ್ತಿಕೇಂದ್ರಿತವಾಗಿತ್ತು. ಹಾನಗಲ್ಲ ಕ್ಷೇತ್ರದಲ್ಲಿ 1983ರಿಂದ 2018ರವರೆಗೆ ನಡೆದ ಒಂಬತ್ತು ಸಾರ್ವತ್ರಿಕ ಚುನಾವಣೆಗಳಲ್ಲಿ ಗೆದ್ದವರು ಇಬ್ಬರೇ: ಸಿ.ಎಂ. ಉದಾಸಿ ಆರು ಬಾರಿ, ಮನೋಹರ ತಹಶೀಲ್ದಾರ ಮೂರು ಬಾರಿ. ಪಕ್ಷೇತರರಾಗಿ ಆರಂಭಿಸಿದ ಉದಾಸಿ ಜನತಾ ಪರಿವಾರ, ಬಿಜೆಪಿ, ಕರ್ನಾಟಕ ಜನತಾ ಪಕ್ಷ (ಕೆಜೆಪಿ), ಮತ್ತೆ ಬಿಜೆಪಿ ಎಂದು ಪಕ್ಷ ಬದಲಿಸುತ್ತಾ ಹೋದರೂ ಹಳ್ಳಿಯ ಗುಂಪು ಬದಲಾಗಲಿಲ್ಲ. ಜನ ತಮ್ಮನ್ನು ‘ಉದಾಸಿ ಪಾರ್ಟಿ’, ‘ತಹಶೀಲ್ದಾರ ಪಾರ್ಟಿ’ ಎಂದೇ ಗುರುತಿಸಿಕೊಳ್ಳುತ್ತಿದ್ದರು. ಆ ವೈಷಮ್ಯಕ್ಕೆ ಒಂದು ಮಿತಿ ಇತ್ತು: ಇಬ್ಬರೂ ನಾಯಕರು ಊರಿನವರಿಗೆ ಹತ್ತಿರದಿಂದ ಗೊತ್ತಿದ್ದವರು, ಅವರ ಬಗ್ಗೆ ಹೇಳಿದ ಸುಳ್ಳು ಬಹಳ ದಿನ ಬಾಳುತ್ತಿರಲಿಲ್ಲ.

ಎರಡನೆಯ ಘಟ್ಟ ಬಿಜೆಪಿ ಒಡೆದ ಕಾಲದ್ದು. ಬಿ.ಎಸ್. ಯಡಿಯೂರಪ್ಪ ಅವರ ಕರ್ನಾಟಕ ಜನತಾ ಪಕ್ಷ 2012ರ ಡಿಸೆಂಬರ್ 9ರಂದು ಹಾವೇರಿಯಲ್ಲೇ ಸಮಾವೇಶ ನಡೆಸಿ ಅಧಿಕೃತವಾಗಿ ಹುಟ್ಟಿತು. ಒಂದೇ ಪಕ್ಷದಲ್ಲಿ ದುಡಿದವರು 2013ರಲ್ಲಿ ಎದುರುಬದುರಾದರು. ಹಾನಗಲ್ಲದಲ್ಲಿ ಕೆಜೆಪಿಯಿಂದ ನಿಂತ ಉದಾಸಿ ಸೋತರು, ಹಿರೇಕೆರೂರಿನಲ್ಲಿ ಅದೇ ಪಕ್ಷದ ಯು.ಬಿ. ಬಣಕಾರ ಗೆದ್ದರು. ಮುಂದಿನ ವರ್ಷದ ಆರಂಭದಲ್ಲಿ ಕೆಜೆಪಿ ಬಿಜೆಪಿಯಲ್ಲಿ ಸೇರಿಹೋಯಿತು. ನಾಯಕರು ಒಂದಾಗಲು ತಿಂಗಳುಗಳು ಸಾಕಾದವು.

ಮೂರನೆಯ ಘಟ್ಟ ಅಸ್ಮಿತೆಯದು. 2017–18ರ ಲಿಂಗಾಯತ ಪ್ರತ್ಯೇಕ ಧರ್ಮದ ಚರ್ಚೆ, ಪಂಚಮಸಾಲಿ ಮೀಸಲಾತಿ ಹೋರಾಟ, 2022ರ ಹಿಜಾಬ್ ವಿವಾದ, 2023ರ ಮಾರ್ಚ್‌ನಲ್ಲಿ ಮುಸ್ಲಿಮರ ಶೇ 4ರ ಮೀಸಲಾತಿ ರದ್ದು, ಒಳಮೀಸಲಾತಿಯ ತೀರ್ಮಾನ ಇವೆಲ್ಲ ಪ್ರಚಾರದ ಸರಕಾದವು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಶಿಗ್ಗಾಂವಿಯ ಶಾಸಕರಾಗಿದ್ದ ಕಾರಣ ರಾಜ್ಯದ ಜಗಳಗಳೆಲ್ಲ ಈ ಪಟ್ಟಣದ ಬೀದಿಗೆ ಬಂದವು. ಪಂಚಮಸಾಲಿ ಹೋರಾಟಗಾರರು ಶಿಗ್ಗಾಂವಿಯಲ್ಲಿ ಅವರ ಮನೆಯ ಎದುರೇ ಧರಣಿಗೆ ಇಳಿದರು. ಹಿರೇಕೆರೂರಿಗೆ ಹೊಂದಿಕೊಂಡ ಶಿಕಾರಿಪುರದಲ್ಲಿ 2023ರ ಮಾರ್ಚ್ 27ರಂದು ಒಳಮೀಸಲಾತಿ ವಿರೋಧಿಸಿದ ಪ್ರತಿಭಟನೆಯ ವೇಳೆ ಯಡಿಯೂರಪ್ಪ ಅವರ ಮನೆಗೆ ಕಲ್ಲು ಬಿದ್ದವು. ಅದೇ ವರ್ಷದ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಇದರಿಂದ ಹೊರಗುಳಿಯಲಿಲ್ಲ. ಗೋಷ್ಠಿಗಳಲ್ಲಿ ಮುಸ್ಲಿಂ ಲೇಖಕರಿಗೆ ಸಾಕಷ್ಟು ಜಾಗ ಕೊಟ್ಟಿಲ್ಲವೆಂದು ಆಕ್ಷೇಪಿಸಿದ ಬರಹಗಾರರು ಬೆಂಗಳೂರಿನಲ್ಲಿ ಪರ್ಯಾಯವಾಗಿ ಜನಸಾಹಿತ್ಯ ಸಮ್ಮೇಳನ ನಡೆಸಿದರು.

ರಚನೆ

ವೈಷಮ್ಯ ಮೂರು ಹಂತಗಳಲ್ಲಿ ಸಾಗುತ್ತದೆ. ಮೇಲಿನ ಹಂತದಲ್ಲಿ ರಾಜ್ಯ, ರಾಷ್ಟ್ರ ನಾಯಕರ ಭಾಷಣ. ನಡುವೆ ಆ ಭಾಷಣದ ಒಂದು ಸಾಲನ್ನು ಕತ್ತರಿಸಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಬಿಡುವ ಪಕ್ಷದ ಜಾಲತಾಣ ತಂಡ, ತಾಲ್ಲೂಕು ಮುಖಂಡರು. ಕೆಳಗೆ ಊರಿನ ಅಗಸಿ, ಗುಡಿಯ ಕಟ್ಟೆ, ಚಹಾದಂಗಡಿ. ಮೇಲಿನವರು ಆಡಿ ಮುಂದಿನ ಊರಿಗೆ ಹೋಗುತ್ತಾರೆ. ಅದನ್ನು ಹೊತ್ತುಕೊಂಡು ಅದೇ ಊರಲ್ಲಿ ಬಾಳಬೇಕಾದವರು ಕೆಳಗಿನವರು.

ಊರಿನ ಮಟ್ಟದಲ್ಲಿ ಈ ರಚನೆಯ ಕೇಂದ್ರ ‘ಲೀಡ್’ ಎಂಬ ಪದ. ಹಳ್ಳಿಯ ಪ್ರತಿ ಕಾರ್ಯಕರ್ತನೂ ತನ್ನ ಬೂತಿನಲ್ಲಿ ಇಷ್ಟು ಲೀಡ್ ಕೊಡುತ್ತೇನೆಂದು ಮುಖಂಡನಿಗೆ ಮಾತು ಕೊಟ್ಟಿರುತ್ತಾನೆ. ಎಣಿಕೆ ಮುಗಿದ ಮೇಲೆ ನಮೂನೆ 20 ಎಂಬ ತಖ್ತೆಯಲ್ಲಿ ಮತಗಟ್ಟೆವಾರು ಅಂಕಿ ಹೊರಬೀಳುತ್ತದೆ. ಚಿಕ್ಕ ಹಳ್ಳಿಗೆ ಒಂದೇ ಮತಗಟ್ಟೆ ಇರುವುದರಿಂದ ಯಾವ ಊರು, ದೊಡ್ಡ ಊರಾದರೆ ಯಾವ ಓಣಿ, ಯಾರ ಕಡೆ ವಾಲಿತು ಎಂಬುದು ಆ ತಖ್ತೆಯಿಂದ ಬಯಲಾಗುತ್ತದೆ. ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಆ ಮರೆ ಹೋಯಿತು. ಹಲವು ಯಂತ್ರಗಳ ಮತವನ್ನು ಕೂಡಿಸಿ ತೋರಿಸುವ ‘ಟೋಟಲೈಸರ್’ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು, ಕಾನೂನು ಆಯೋಗ 2015ರ 255ನೇ ವರದಿಯಲ್ಲಿ ಬೆಂಬಲಿಸಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತದಾರನ ಗುಟ್ಟು ಉಳಿದರೂ ಊರಿನ ಗುಟ್ಟು ಉಳಿದಿಲ್ಲ. ‘ಕೈಕೊಟ್ಟ ಊರು’ ಎಂಬ ಹಗೆಮಾತು ಹುಟ್ಟುವುದು ಈ ತಖ್ತೆಯಿಂದಲೇ. ಹಳ್ಳಿಯ ವೈಷಮ್ಯವನ್ನು ಕುರಿತ ಚರ್ಚೆಯಲ್ಲಿ ಭಾಷಣಗಳಿಗೆ ಸಿಗುವ ಗಮನದ ಅರ್ಧದಷ್ಟಾದರೂ ಈ ತಾಂತ್ರಿಕ ಸಂಗತಿಗೆ ಸಿಗಬೇಕಿತ್ತು.

ಗೆಲುವಿನ ಅಂತರ ಚಿಕ್ಕದಾದಷ್ಟೂ ಹಗೆ ದೊಡ್ಡದಾಗುತ್ತದೆ. ಹಿರೇಕೆರೂರಿನಲ್ಲಿ 2018ರ ಅಂತರ 555 ಮತ. ಅಷ್ಟು ಕಡಿಮೆ ಅಂತರದಲ್ಲಿ ಸೋತ ಪಕ್ಷಕ್ಕೆ ಪ್ರತಿ ಓಣಿಯೂ ಸೋಲಿನ ಕಾರಣವಾಗಿ ಕಾಣತೊಡಗುತ್ತದೆ.

ಬಗೆಗಳು

ನಿಂದನೆ. ಹಾನಗಲ್ಲ ಮತ್ತು ಸಿಂದಗಿ ಕ್ಷೇತ್ರಗಳ 2021ರ ಅಕ್ಟೋಬರ್ 30ರ ಉಪಚುನಾವಣೆ ಇದಕ್ಕೆ ಹೆಚ್ಚು ಉದಾಹರಣೆ ಒದಗಿಸಿತು. ಉದಾಸಿ ಅವರು ಆ ವರ್ಷದ ಜೂನ್ 8ರಂದು ತೀರಿಕೊಂಡಿದ್ದರಿಂದ ಹಾನಗಲ್ಲ ಸ್ಥಾನ ತೆರವಾಗಿತ್ತು. ಪ್ರಚಾರದ ನಡುವೆ ರಾಜ್ಯ ಕಾಂಗ್ರೆಸ್‌ನ ಅಧಿಕೃತ ಟ್ವಿಟರ್ ಖಾತೆ ಪ್ರಧಾನಿಯನ್ನು ‘ಹೆಬ್ಬೆಟ್ಟು’ ಎಂದು ಕರೆಯಿತು. ಪಕ್ಷದ ರಾಜ್ಯಾಧ್ಯಕ್ಷ ಡಿ.ಕೆ. ಶಿವಕುಮಾರ್ ವಿಷಾದ ಸೂಚಿಸಿ ಅದನ್ನು ಅಳಿಸಿಹಾಕಿಸಿದರು. ಅದರ ಬೆನ್ನಲ್ಲೇ ಬಿಜೆಪಿ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಹುಬ್ಬಳ್ಳಿಯಲ್ಲಿ ರಾಹುಲ್ ಗಾಂಧಿ ಅವರನ್ನು ಮಾದಕ ವ್ಯಸನಿ ಎಂದು ಜರೆದರು. ಹಾನಗಲ್ಲದ ಮತದಾರರ ಮುಂದಿದ್ದ ಪ್ರಶ್ನೆಗೂ ಈ ಎರಡು ಮಾತುಗಳಿಗೂ ಯಾವ ಸಂಬಂಧವೂ ಇರಲಿಲ್ಲ. ಕಾಂಗ್ರೆಸ್‌ನ ಶ್ರೀನಿವಾಸ ಮಾನೆ ಬಿಜೆಪಿಯ ಶಿವರಾಜ ಸಜ್ಜನರ ಅವರನ್ನು 7,373 ಮತಗಳಿಂದ ಸೋಲಿಸಿದರು.

ವಿಧಾನಸಭೆಯ 2023ರ ಚುನಾವಣೆಯಲ್ಲಿ ಇದೇ ಬಗೆ ಇನ್ನೊಂದು ಮಜಲು ಮುಟ್ಟಿತು. ಏಪ್ರಿಲ್ 27ರಂದು ಗದಗ ಜಿಲ್ಲೆಯ ನರೇಗಲ್ಲಿನ ಸಭೆಯಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರು ಪ್ರಧಾನಿಗೆ ಸಂಬಂಧಿಸಿ ‘ವಿಷಸರ್ಪ’ ಎಂಬ ಮಾತು ಬಳಸಿದರು. ಬಿಜೆಪಿಯ ಸಿದ್ಧಾಂತವನ್ನು ಕುರಿತು ಆಡಿದ ಮಾತೆಂದು ನಂತರ ಸ್ಪಷ್ಟಪಡಿಸಿದರು. (ಹಾನಗಲ್ಲ ತಾಲ್ಲೂಕಿನಲ್ಲೂ ನರೇಗಲ್ ಎಂಬ ಊರಿದೆ, ಘಟನೆ ಅಲ್ಲಿಯದಲ್ಲ.) ಅದಕ್ಕೆ ಉತ್ತರವಾಗಿ ಬಸನಗೌಡ ಪಾಟೀಲ ಯತ್ನಾಳ ಅವರು ಸೋನಿಯಾ ಗಾಂಧಿ ಅವರನ್ನು ‘ವಿಷಕನ್ಯೆ’ ಎಂದರು. ಹುಮನಾಬಾದಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಕಾಂಗ್ರೆಸ್ ತಮ್ಮನ್ನು 91 ಬಾರಿ ಬೈದಿದೆ ಎಂದು ಲೆಕ್ಕ ಕೊಟ್ಟರು. ಚುನಾವಣಾ ಆಯೋಗ ಯತ್ನಾಳರಿಗೂ, ಪ್ರಧಾನಿಯನ್ನು ‘ನಾಲಾಯಕ್’ ಎಂದ ಪ್ರಿಯಾಂಕ್ ಖರ್ಗೆ ಅವರಿಗೂ ನೋಟಿಸ್ ಕೊಟ್ಟಿತು, ಮೇ 2ರಂದು ಎಲ್ಲ ಪಕ್ಷಗಳಿಗೂ ಮಾತಿನಲ್ಲಿ ಸಂಯಮ ಇರಲೆಂದು ಸಲಹಾಪತ್ರ ಕಳಿಸಿತು.

ಹಣೆಪಟ್ಟಿ. ಎದುರಾಳಿಗೆ ಒಂದು ಪದ ಅಂಟಿಸಿ, ಆತನ ಮಾತನ್ನು ಕೇಳುವ ಅಗತ್ಯವೇ ಇಲ್ಲವೆನ್ನಿಸುವುದು ಈ ಬಗೆ. ಹುಬ್ಬಳ್ಳಿಯಿಂದ ಬಂದ ಶ್ರೀನಿವಾಸ ಮಾನೆ ಅವರಿಗೆ ಹಾನಗಲ್ಲದಲ್ಲಿ ‘ಹೊರಗಿನವರು’ ಎಂಬ ಪದ ಅಂಟಿತು. ಹಿರೇಕೆರೂರಿನಲ್ಲಿ 2019ರ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ‘ಅನರ್ಹ’ ಎಂಬ ಪದ ಓಡಾಡಿತು. ಕಾಂಗ್ರೆಸ್‌ನಿಂದ ಗೆದ್ದಿದ್ದ ಬಿ.ಸಿ. ಪಾಟೀಲ ಅವರನ್ನು ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಆ ವರ್ಷದ ಜುಲೈನಲ್ಲಿ ಅನರ್ಹಗೊಳಿಸಿದ್ದರು. ಅನರ್ಹರಾದವರು ಮತ್ತೆ ಸ್ಪರ್ಧಿಸಬಹುದೆಂದು ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಹೇಳಿತು. ಕಾನೂನಿನ ಪದವೊಂದು ಬೈಗುಳವಾಯಿತು. ಪಾಟೀಲರು ಬಿಜೆಪಿಯಿಂದ 29,067 ಮತಗಳ ಅಂತರದಲ್ಲಿ ಗೆದ್ದರು.

ವದಂತಿ. ನಾಲ್ಕೂ ತಾಲ್ಲೂಕುಗಳಲ್ಲಿ ಹೆಚ್ಚು ಹಾನಿ ಮಾಡಿದ್ದು ಈ ಬಗೆ. ಬಸವರಾಜ ಬೊಮ್ಮಾಯಿ 2024ರಲ್ಲಿ ಲೋಕಸಭೆಗೆ ಆಯ್ಕೆಯಾದಾಗ ತೆರವಾದ ಶಿಗ್ಗಾಂವಿಗೆ ನವೆಂಬರ್ 13ರಂದು ಉಪಚುನಾವಣೆ ನಿಗದಿಯಾಯಿತು. ಅದೇ ಹೊತ್ತಿಗೆ ರೈತರ ಪಹಣಿಯಲ್ಲಿ ವಕ್ಫ್ ಹೆಸರು ನಮೂದಾಗುತ್ತಿದೆ ಎಂಬ ವಿವಾದ ರಾಜ್ಯದಲ್ಲೆಲ್ಲ ಎದ್ದಿತ್ತು. ಸವಣೂರು ತಾಲ್ಲೂಕಿನ ಕಡಕೋಳ ಗ್ರಾಮದಲ್ಲಿ ಆಸ್ತಿಗಳು ವಕ್ಫ್ ಪಾಲಾಗುತ್ತವೆ ಎಂಬ ಸುದ್ದಿ ಹಬ್ಬಿ, ಅಕ್ಟೋಬರ್ 30ರ ರಾತ್ರಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ತೂರಾಟ ನಡೆಯಿತು. ಪೊಲೀಸರು 30ಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಪಹಣಿ ಎಂದರೆ ರೈತನಿಗೆ ಬೆಳೆಸಾಲ, ಪರಿಹಾರ, ಮಗಳ ಮದುವೆಗೆ ಹೊಲ ಮಾರುವ ಹಕ್ಕು ಎಲ್ಲವೂ. ಅದರ 11ನೇ ಕಾಲಮ್ಮಿನಲ್ಲಿ ಬೇರೆ ಹೆಸರು ಕಂಡರೆ ಹುಟ್ಟುವ ಭಯ ನಿಜವಾದದ್ದು. ಆ ಭಯವನ್ನು ಕಂದಾಯ ಕಚೇರಿಯ ಬಾಗಿಲಿಗೆ ಒಯ್ಯುವ ಬದಲು ನೆರೆಯವರ ಬಾಗಿಲಿಗೆ ತಿರುಗಿಸಿದ್ದು ವದಂತಿಯ ಕೆಲಸ.

ವಾರ ಕಳೆಯುವಷ್ಟರಲ್ಲಿ ಎರಡನೆಯ ಪ್ರಕರಣ ಬಂತು. ಹಾನಗಲ್ಲ ತಾಲ್ಲೂಕಿನ ಹರನಗಿರಿ ಸೀಮೆಯ ರೈತನೊಬ್ಬ ವಕ್ಫ್‌ನಿಂದ ಜಮೀನು ಕಳೆದುಕೊಂಡು ಆತ್ಮಹತ್ಯೆ ಮಾಡಿಕೊಂಡನೆಂಬ ಸುದ್ದಿಯನ್ನು ಬಿಜೆಪಿ ಸಂಸದ ತೇಜಸ್ವಿ ಸೂರ್ಯ ಎಕ್ಸ್ ಜಾಲತಾಣದಲ್ಲಿ ಹಂಚಿಕೊಂಡರು. ಆ ಸಾವು 2022ರದು, ಸಾಲ ಮತ್ತು ಬೆಳೆನಷ್ಟ ಅದಕ್ಕೆ ಕಾರಣ ಎಂದು ಜಿಲ್ಲಾ ಪೊಲೀಸರು ಪ್ರಕಟಿಸಿದರು. ಸಂಸದರು ಬರಹವನ್ನು ಅಳಿಸಿದರು. ಹಾವೇರಿ ಪೊಲೀಸರು ಅವರ ಮೇಲೂ ಸುದ್ದಿ ಜಾಲತಾಣಗಳ ಸಂಪಾದಕರ ಮೇಲೂ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನಡಿ ಪ್ರಕರಣ ದಾಖಲಿಸಿದರು. ಹೈಕೋರ್ಟ್ ಡಿಸೆಂಬರ್‌ನಲ್ಲಿ ಸಂಸದರ ಮೇಲಿನ ಪ್ರಕರಣ ರದ್ದುಮಾಡಿತು. ರಾಜ್ಯ ಸರ್ಕಾರದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ವಜಾಗೊಳಿಸಿ, ರಾಜಕೀಯ ಹೋರಾಟವನ್ನು ಮತದಾರರ ಮುಂದೆ ನಡೆಸಿ ಎಂದಿತು. ಎರಡು ದಡದ ವಾದಗಳೂ ಈ ಒಂದೇ ಪ್ರಕರಣದಲ್ಲಿವೆ: ಸುಳ್ಳು ಸುದ್ದಿ ಹಬ್ಬಿದಾಗ ಸರ್ಕಾರ ಸುಮ್ಮನಿರಬಾರದು ಎಂಬುದು ಒಂದು, ಎದುರು ಪಕ್ಷದವರ ಮಾತಿಗೆ ಪೊಲೀಸರನ್ನು ಬಿಡುವುದೂ ಅಸಹಿಷ್ಣುತೆಯೇ ಎಂಬುದು ಇನ್ನೊಂದು. ಒಂದು ಕುಟುಂಬದ ದುಃಖ ಅವರ ಒಪ್ಪಿಗೆ ಇಲ್ಲದೆ ಪ್ರಚಾರದ ವಸ್ತುವಾಯಿತು ಎಂಬುದನ್ನು ಮಾತ್ರ ಯಾವ ನ್ಯಾಯಾಲಯವೂ ಸರಿಪಡಿಸಲಾರದು.

ಸ್ವಪಕ್ಷದೊಳಗಿನ ವೈಷಮ್ಯ. ಶಿಗ್ಗಾಂವಿಯಲ್ಲಿ 2008, 2013, 2018ರಲ್ಲಿ ಬೊಮ್ಮಾಯಿ ಎದುರು ಸೋತಿದ್ದ ಸೈಯದ್ ಅಜ್ಜಂಪೀರ್ ಖಾದ್ರಿ, 2024ರಲ್ಲಿ ಕಾಂಗ್ರೆಸ್ ಟಿಕೆಟ್ ಯಾಸೀರ್ ಅಹ್ಮದ್ ಖಾನ್ ಪಠಾಣ್ ಅವರಿಗೆ ಹೋದಾಗ ಬಂಡಾಯವೆದ್ದು ನಾಮಪತ್ರ ಸಲ್ಲಿಸಿದರು, ಮಾತುಕತೆಯ ನಂತರ ಹಿಂತೆಗೆದುಕೊಂಡರು. ಅದೇ ಪ್ರಚಾರದಲ್ಲಿ ಅಂಬೇಡ್ಕರ್ ಇಸ್ಲಾಂ ಸ್ವೀಕರಿಸಲು ಸಿದ್ಧರಿದ್ದರು ಎಂದು ಖಾದ್ರಿ ಆಡಿದ ಮಾತು ವಿವಾದವಾಗಿ ಕ್ಷಮೆ ಕೇಳಬೇಕಾಯಿತು. ಪಠಾಣ್ ಅವರು ಬಸವರಾಜ ಬೊಮ್ಮಾಯಿ ಪುತ್ರ ಭರತ್ ಬೊಮ್ಮಾಯಿ ಅವರನ್ನು 13,448 ಮತಗಳಿಂದ ಸೋಲಿಸಿದರು. ಖಾದ್ರಿ ಅವರಿಗೆ ಹೆಸ್ಕಾಂ ಅಧ್ಯಕ್ಷತೆ ಸಿಕ್ಕಿತು.

ಅಡ್ಡಿ ಮತ್ತು ಬಹಿಷ್ಕಾರ. ಅಭ್ಯರ್ಥಿಯ ವಾಹನ ತಡೆಯುವುದು, ಎದುರು ಪಕ್ಷದ ಹೆಸರಲ್ಲಿ ಜೈಕಾರ ಹಾಕಿ ಸಭೆ ಕೆಡಿಸುವುದು, ಬಾವುಟ ಕೀಳುವುದು ಎಲ್ಲ ಕಡೆಯಂತೆ ಇಲ್ಲೂ ಇವೆ. ರಸ್ತೆ, ಕುಡಿಯುವ ನೀರು ಕೇಳಿ ಅಭ್ಯರ್ಥಿಯನ್ನು ಊರವರು ನಿಲ್ಲಿಸಿ ಪ್ರಶ್ನಿಸುವುದನ್ನು ಈ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಅದು ಮತದಾರನ ಹಕ್ಕು. ಪ್ರಶ್ನೆ ಕೇಳಿದವನನ್ನು ‘ಎದುರು ಪಾರ್ಟಿಯವನು’ ಎಂದು ತಳ್ಳಿಹಾಕುವುದು ಅಸಹಿಷ್ಣುತೆ.

ವೈಷಮ್ಯದ ಬಳಕೆ

ಹಗೆ ತಾನಾಗಿ ಹುಟ್ಟುವುದಕ್ಕಿಂತ ಹುಟ್ಟಿಸುವುದೇ ಹೆಚ್ಚು, ಏಕೆಂದರೆ ಅದರಿಂದ ಕೆಲಸವಾಗುತ್ತದೆ. ಕಾರ್ಯಕರ್ತ ಮನೆಯಿಂದ ಹೊರಬೀಳಲು ಅದು ಕಾರಣ ಕೊಡುತ್ತದೆ. ಅಭ್ಯರ್ಥಿಯ ಐದು ವರ್ಷದ ಕೆಲಸದ ಲೆಕ್ಕ ಕೇಳದಂತೆ ಮಾಡುತ್ತದೆ. ಪಕ್ಷ ಬದಲಿಸಿದವರಿಗೆ ಅದು ಇನ್ನೂ ಹೆಚ್ಚು ಬೇಕು, ಹಳೆಯ ಪಕ್ಷವನ್ನು ಜೋರಾಗಿ ಬೈಯದೆ ಹೊಸ ಪಕ್ಷದ ನಂಬಿಕೆ ಗಳಿಸುವುದು ಕಷ್ಟ.

ಹಿರೇಕೆರೂರಿನ ಇತಿಹಾಸ ಇದಕ್ಕೆ ಪಾಠದಂತಿದೆ. ಬಿ.ಸಿ. ಪಾಟೀಲರು 2004ರಲ್ಲಿ ಜೆಡಿಎಸ್, 2008 ಮತ್ತು 2018ರಲ್ಲಿ ಕಾಂಗ್ರೆಸ್, 2019ರಲ್ಲಿ ಬಿಜೆಪಿಯಿಂದ ಗೆದ್ದರು. ಯು.ಬಿ. ಬಣಕಾರರು 2013ರಲ್ಲಿ ಕೆಜೆಪಿಯಿಂದ ಗೆದ್ದು, 2018ರಲ್ಲಿ ಬಿಜೆಪಿಯಿಂದ ಸೋತು, 2023ರಲ್ಲಿ ಕಾಂಗ್ರೆಸ್‌ನಿಂದ ಪಾಟೀಲರನ್ನು 15,020 ಮತಗಳಿಂದ ಸೋಲಿಸಿದರು. ಅಂದರೆ 2018ರಲ್ಲಿ ಕಾಂಗ್ರೆಸ್ ಪಾಟೀಲ, ಬಿಜೆಪಿ ಬಣಕಾರ. 2023ರಲ್ಲಿ ಬಿಜೆಪಿ ಪಾಟೀಲ, ಕಾಂಗ್ರೆಸ್ ಬಣಕಾರ. ಐದು ವರ್ಷದೊಳಗೆ ಇಬ್ಬರೂ ಅದಲುಬದಲಾದರು. ಪಕ್ಷಕ್ಕಾಗಿ ನೆರೆಮನೆಯವನೊಡನೆ ಮಾತು ಬಿಟ್ಟವನೂ, ನಾಯಕನಿಗಾಗಿ ಬಿಟ್ಟವನೂ ಈ ತಾಲ್ಲೂಕಿನಲ್ಲಿ ಸಮನಾಗಿ ಮೋಸಹೋದರು.

ಮಠಗಳೂ ಈ ಬಳಕೆಯಿಂದ ದೂರವಿಲ್ಲ. 2019ರ ಉಪಚುನಾವಣೆಯಲ್ಲಿ ರಟ್ಟೀಹಳ್ಳಿ ಕಬ್ಬಿಣಕಂತಿ ಮಠದ ಶಿವಲಿಂಗ ಶಿವಾಚಾರ್ಯ ಸ್ವಾಮೀಜಿ ಜೆಡಿಎಸ್ ಅಭ್ಯರ್ಥಿಯಾಗಿ ನಾಮಪತ್ರ ಸಲ್ಲಿಸಿ, ನಂತರ ವಾಪಸು ಪಡೆದರು.

ಕಾನೂನು ಮತ್ತು ನೀತಿಸಂಹಿತೆ

ಮಾದರಿ ನೀತಿಸಂಹಿತೆಯ ಮೂಲ 1960ರ ಕೇರಳ ವಿಧಾನಸಭಾ ಚುನಾವಣೆ. ಪಕ್ಷಗಳೇ ಒಪ್ಪಿಕೊಂಡ ಆ ನಿಯಮಗಳನ್ನು ಆಯೋಗ ಮುಂದೆ ದೇಶಕ್ಕೆಲ್ಲ ವಿಸ್ತರಿಸಿತು. 1990ರ ದಶಕದಲ್ಲಿ ಟಿ.ಎನ್. ಶೇಷನ್ ಅದಕ್ಕೆ ಬಿಗಿ ತಂದರು. ಸಂಹಿತೆಯ ವಾಕ್ಯಗಳು ಹಳ್ಳಿಯ ಬದುಕಿಗೆ ತೀರ ಹತ್ತಿರದವು. ಟೀಕೆ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಗಳಿಗೆ ಸೀಮಿತವಾಗಿರಬೇಕು. ಒಬ್ಬರ ಅಭಿಪ್ರಾಯ ಹಿಡಿಸದೆಂದು ಅವರ ಮನೆಯ ಮುಂದೆ ಪ್ರತಿಭಟನೆ ಮಾಡಕೂಡದು. ಒಂದು ಪಕ್ಷದ ಸಭೆ ನಡೆಯುವ ಜಾಗದಲ್ಲಿ ಇನ್ನೊಂದರ ಮೆರವಣಿಗೆ ಹಾಯಕೂಡದು. ಒಬ್ಬರ ಭಿತ್ತಿಪತ್ರ ಇನ್ನೊಬ್ಬರು ಕೀಳಕೂಡದು. ಮಾಲೀಕನ ಒಪ್ಪಿಗೆ ಇಲ್ಲದೆ ಗೋಡೆಗೆ ಬರೆಯಕೂಡದು. ಎದುರಾಳಿಯ ಪ್ರತಿಕೃತಿ ಹೊರುವುದು, ಸುಡುವುದು ಬೇಡ.

ಸಂಹಿತೆಗೆ ಸ್ವತಃ ಶಿಕ್ಷಿಸುವ ಬಲವಿಲ್ಲ. ಶಿಕ್ಷೆ ಇರುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ. ಅದರ 123(3) ಮತ್ತು 123(3ಎ) ಕಲಮುಗಳು ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ಮತ ಕೇಳುವುದನ್ನೂ ಹಗೆ ಬಿತ್ತುವುದನ್ನೂ ಭ್ರಷ್ಟ ನಡವಳಿಕೆ ಎನ್ನುತ್ತವೆ. ಸಾಬೀತಾದರೆ ಆಯ್ಕೆಯೇ ರದ್ದು. 125ನೇ ಕಲಮು ವರ್ಗಗಳ ನಡುವೆ ವೈರ ಬೆಳೆಸಿದರೆ 3 ವರ್ಷದವರೆಗೆ ಸೆರೆ ವಿಧಿಸುತ್ತದೆ. ಸಭೆ ಕೆಡಿಸುವವರಿಗೆ 127ನೇ ಕಲಮಿನಡಿ 6 ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಅಭಿರಾಮ್ ಸಿಂಗ್ ಪ್ರಕರಣದಲ್ಲಿ, ಅಭ್ಯರ್ಥಿಯದಷ್ಟೇ ಅಲ್ಲ ಮತದಾರನ ಧರ್ಮ, ಜಾತಿ ಎತ್ತಿ ಮತ ಕೇಳುವುದೂ ಭ್ರಷ್ಟ ನಡವಳಿಕೆ ಎಂದು 4–3 ಬಹುಮತದಿಂದ ಹೇಳಿತು. ದ್ವೇಷ ಭಾಷಣದ ಬಗ್ಗೆ ದೂರು ಬಾರದಿದ್ದರೂ ಪೊಲೀಸರು ಪ್ರಕರಣ ದಾಖಲಿಸಬೇಕೆಂಬ ಆದೇಶವನ್ನು ಅದೇ ನ್ಯಾಯಾಲಯ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಕರ್ನಾಟಕದಲ್ಲಿ ಮತದಾನಕ್ಕೆ ಆಗ 12 ದಿನ ಬಾಕಿ ಇತ್ತು.

ರಾಜಕೀಯದಲ್ಲಿ ಧರ್ಮದ ಬಳಕೆ ಕುರಿತು ದೇಶದಲ್ಲಿ ಹೆಚ್ಚು ಉಲ್ಲೇಖವಾಗುವ 1994ರ ತೀರ್ಪಿನ ಹೆಸರು ಎಸ್.ಆರ್. ಬೊಮ್ಮಾಯಿ ಪ್ರಕರಣ. ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂದು ಅದು ದೃಢಪಡಿಸಿತು. ಅದನ್ನು ಹೂಡಿದ ಮಾಜಿ ಮುಖ್ಯಮಂತ್ರಿ ಇದೇ ಸೀಮೆಯ ಕಾರಡಗಿಯವರು.

ಊರಿನ ಮೇಲೆ ಪರಿಣಾಮ

ಹೊಡೆದಾಟಗಳು ಠಾಣೆಯ ದಾಖಲೆಗೆ ಬರುತ್ತವೆ. ಮಾತು ಬಿಡುವುದು ಯಾವ ದಾಖಲೆಗೂ ಬರುವುದಿಲ್ಲ. ಒಕ್ಕಲುತನದ ಊರುಗಳಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು, ಟ್ರ್ಯಾಕ್ಟರ್ ಕೊಟ್ಟು ಪಡೆಯುವುದು, ಒಂದೇ ಕೊಳವೆಬಾವಿಯ ನೀರು ಹಂಚಿಕೊಳ್ಳುವುದು ನಿತ್ಯದ ವ್ಯವಹಾರ. ಶಿಗ್ಗಾಂವಿಯ 2024ರ ಉಪಚುನಾವಣೆ ಬಂದದ್ದು ನವೆಂಬರ್‌ನಲ್ಲಿ, ಮುಂಗಾರಿನ ಗೋವಿನಜೋಳ ಕೊಯ್ದು ರಾಶಿ ಮಾಡಿ ಮಾರುವ ಕಾಲಕ್ಕೆ. ಆಗ ಕೆಟ್ಟ ಸಂಬಂಧದ ಬೆಲೆ ಕೂಲಿಯಲ್ಲಿ, ಬಾಡಿಗೆಯಲ್ಲಿ, ರಾಶಿಯ ಮೇಲೆ ಬಿದ್ದ ಅಕಾಲಿಕ ಮಳೆಯಲ್ಲಿ ಕಟ್ಟಬೇಕಾಗುತ್ತದೆ. ಗೆದ್ದವರು ಬಂದು ಆ ಬೆಲೆ ತುಂಬಿಕೊಡುವುದಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆ ಕಾನೂನಿನಂತೆ ಪಕ್ಷರಹಿತ. ಆದರೆ ವಿಧಾನಸಭೆಯ ಹಗೆ ಅಲ್ಲಿ ಚಿಹ್ನೆ ಮಾತ್ರ ಬದಲಿಸಿ ಮುಂದುವರಿಯುತ್ತದೆ. ಮನೆ ಹಂಚಿಕೆ, ಉದ್ಯೋಗ ಖಾತರಿ ಕೆಲಸಗಳ ಪಟ್ಟಿಯಲ್ಲಿ ಹೆಸರು ಸೇರುವುದು, ಬಿಡುವುದು ಇದರೊಂದಿಗೆ ಬೆಸೆದುಕೊಳ್ಳುತ್ತದೆ. ಹೆಚ್ಚು ಪೆಟ್ಟು ತಿನ್ನುವವರು ಎರಡೂ ಗುಂಪಿಗೆ ಸೇರದ ಬಡ ಕುಟುಂಬಗಳು. ಪ್ರಚಾರದ ಬಿಸಿಯಲ್ಲಿ ಯಾರ ಕಡೆಯೂ ಅಲ್ಲ ಎಂದು ಹೇಳುವುದೇ ಊರಿನಲ್ಲಿ ಕಷ್ಟದ ಮಾತಾಗಿಬಿಡುತ್ತದೆ.

ಈಗಿನ ಸ್ಥಿತಿ

2024ರ ಉಪಚುನಾವಣೆಯ ನಂತರ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಮೂರೂ ಕಾಂಗ್ರೆಸ್ ಶಾಸಕರ ಕ್ಷೇತ್ರಗಳು. ಹಾವೇರಿ ಮತ್ತು ಧಾರವಾಡದ ಸಂಸದರು ಬಿಜೆಪಿಯವರು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಕೊನೆಯ ಬಾರಿ ಮತದಾನವಾಗಿತ್ತು, ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿಯಿತು. ಪ್ರಚಾರಕ್ಕೆ ಮುನ್ನ ಪರವಾನಗಿ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವುದು, ಸಂಚಾರಿ ದಳಗಳ ಓಡಾಟ, ಸೂಕ್ಷ್ಮ ಮತಗಟ್ಟೆಗಳ ಪಟ್ಟಿ, ಸಿ-ವಿಜಿಲ್ ಆ್ಯಪಿನಲ್ಲಿ ಚಿತ್ರಸಹಿತ ದೂರು, 1950 ಸಹಾಯವಾಣಿ ಇವು ಜಾರಿಯಲ್ಲಿರುವ ವ್ಯವಸ್ಥೆಗಳು. ಹಣ, ಹೆಂಡ, ಸೀರೆ ಹಿಡಿಯಲು ಇವು ನೆರವಾಗಿವೆ. ಊರೊಳಗೆ ಹಬ್ಬುವ ಮಾತನ್ನು ಹಿಡಿಯುವ ದಳ ಇನ್ನೂ ಹುಟ್ಟಿಲ್ಲ.

ಶಿಗ್ಗಾಂವಿ ಉಪಚುನಾವಣೆ ಘೋಷಣೆಯಾಗಿ ಹಾವೇರಿ ಜಿಲ್ಲೆಯಲ್ಲಿ ನೀತಿಸಂಹಿತೆ ಜಾರಿಗೆ ಬಂದದ್ದು 2024ರ ಅಕ್ಟೋಬರ್ 15ರಂದು. ಕಡಕೋಳದ ಮನೆಗಳ ಮೇಲೆ ಕಲ್ಲು ಬಿದ್ದ ರಾತ್ರಿ ಸಂಹಿತೆ ಜಾರಿಯಾಗಿ 15 ದಿನ ಕಳೆದಿದ್ದವು, ಮತದಾನಕ್ಕೆ ಇನ್ನೂ 14 ದಿನ ಉಳಿದಿದ್ದವು.